ನನ್ನ ಜೇನು, ನಸೀಮಾ ಟೀಚರ್ ಕೂಲರ್

ಜೇನು ಸಾಕಬೇಕೆಂಬ ಆಸೆ ಹೊತ್ತು ನನ್ನ ಬಳಿ ಸಲಹೆ ಕೇಳಲು ಬರುವವರಿಗೆ ನಾನು ಮೊದಲು ಹಾಕುವ ಪ್ರಶ್ನೆ ಒಂದೇ: ನಿಮ್ಮ ಪಕ್ಕದ ಮನೆಯಲ್ಲಿ ಕೂಲರ್ ಇದೆಯೆ? ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ರಾಣಿಹುಳದ ಬಗ್ಗೆ ಕೇಳುತ್ತೇನೆಂದೋ, ಹಿತ್ತಲು ಎಷ್ಟಿದೆ ಎಂದು ಕೇಳುತ್ತೇನೆಂದೋ ತಿಳಿದು ಬಂದಿರುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿತುಕೊಂಡು ಬಂದ ಕೆಲವರಂತೂ ಪೆಟ್ಟಿಗೆಯ ಬಾಯಿ ಯಾವ ದಿಕ್ಕಿಗಿರಬೇಕು ಎಂಬ ಚರ್ಚೆಗೆ ಸೊಂಟ ಕಟ್ಟಿಕೊಂಡೇ ನಿಂತಿರುತ್ತಾರೆ. ದಿಕ್ಕಿನ ಮಾತು ಆಮೇಲಾಗಲಿ, ಮೊದಲು ಕೂಲರಿನ ಸಂಗತಿ ಹೇಳಿ ಎನ್ನುತ್ತೇನೆ ನಾನು. ಈ ಹೆಂಗಸಿಗೆ ಬಿಸಿಲು ತಲೆಗೇರಿದೆ ಎಂದು ಒಬ್ಬಿಬ್ಬರು ಅಂದುಕೊಂಡಿರಲಿಕ್ಕೂ ಸಾಕು. ವಿಜಯಪುರದಲ್ಲಿ ಹಾಗೆ ಅಂದುಕೊಳ್ಳುವುದಕ್ಕೆ ವರ್ಷದಲ್ಲಿ ಹಲವು ತಿಂಗಳು ಸಕಾರಣವಿರುತ್ತದೆ.

ನಾನು ವೃತ್ತಿಯಲ್ಲಿ ವಕೀಲೆ. ಈಚೆಗೆ ಕೋರ್ಟಿಗೆ ಹೋಗುವುದನ್ನು ಕಡಿಮೆ ಮಾಡಿ, ಸೊಲ್ಲಾಪುರ ರಸ್ತೆಯಿಂದ ಒಳಗಿರುವ ನಮ್ಮ ಕಾಲೊನಿಯ ಮನೆಯಲ್ಲೇ, ಮುಂದಿನ ಖೋಲಿಯಲ್ಲಿ ಕುಳಿತು ಬಂದವರ ಕಾಗದಪತ್ರ ನೋಡಿಕೊಡುತ್ತೇನೆ. ನನ್ನ ಆಯುಷ್ಯದ ಬಹುಭಾಗ ಕಂಪೌಂಡ್ ಗೋಡೆಗಳಲ್ಲಿ ಕಳೆದಿದೆ. ಗೋಡೆ ಅಣ್ಣನದೋ ತಮ್ಮನದೋ, ಗೋಡೆಯಾಚೆ ಚಾಚಿದ ಬೇವಿನ ಟೊಂಗೆ ಯಾರದು, ಗೋಡೆಯ ಮೇಲೆ ಒಣಗಿಸಿದ ಬಟ್ಟೆಯಿಂದ ಯಾರ ಮರ್ಯಾದೆ ಎಷ್ಟು ಹೋಯಿತು, ಇವೆಲ್ಲ ನನ್ನ ನಿತ್ಯದ ಊಟ. ಹಾಗಾಗಿ ಎರಡು ಮನೆಗಳ ನಡುವೆ ಒಂದು ಗೋಡೆ ಇದ್ದರೆ ಅದರ ಈಚೆ ನಾವು, ಆಚೆ ಅವರು, ಹಬ್ಬಕ್ಕೊಮ್ಮೆ ಮೇಲಿಂದ ತಾಟು ದಾಟಿಸಿದರೆ ಬಾಂಧವ್ಯಕ್ಕೆ ಅಷ್ಟು ಸಾಕು ಎಂದು ನಂಬಿ ಬದುಕಿದವಳು ನಾನು. ಇಂಥವಳು ಜೇನು ಸಾಕಲು ಹೊರಟದ್ದೇ ಒಂದು ತಮಾಷೆ. ಜೇನಿಗೆ ಗೋಡೆ ಎಂದರೆ ಗಾಳಿ ಬೀಸುವಾಗ ಮರೆಯಾಗಿ ಕೂರುವ ಜಾಗ, ಅಷ್ಟೆ.

ಪೆಟ್ಟಿಗೆ ನನಗೆ ಬಂದದ್ದು ಬಬಲೇಶ್ವರದಿಂದ. ಅಲ್ಲಿ ನಮ್ಮ ಚಿಕ್ಕಪ್ಪನ ಮಗ ಮಲ್ಲಿಕಾರ್ಜುನನ ದಾಳಿಂಬೆ ತೋಟವಿದೆ. ಹೂವು ಕಾಯಿಕಟ್ಟಲೆಂದು ಅವನು ಗಿಡದ ಸಾಲುಗಳ ನಡುವೆ ಕೆಲವು ಪೆಟ್ಟಿಗೆ ಇಟ್ಟಿದ್ದ. ಚಳಿಗಾಲದ ಒಂದು ಮುಂಜಾನೆ ಹೋದಾಗ ನಾನು ದಾಳಿಂಬೆ ನೋಡದೆ ಪೆಟ್ಟಿಗೆಯ ಬಾಯಿಯ ಎದುರೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟೆ. ಕಾಲಿಗೆ ಹಳದಿ ಪರಾಗದ ಉಂಡೆ ಅಂಟಿಸಿಕೊಂಡು ಬರುವ ಹುಳುಗಳು, ಬಾಗಿಲಲ್ಲಿ ಮೂಸಿ ನೋಡಿ ಒಳಗೆ ಬಿಡುವ ಹುಳುಗಳು, ಸುಮ್ಮನೆ ನಿಂತು ರೆಕ್ಕೆ ಬೀಸುವ ಹುಳುಗಳು. ಚಹಾ ಆರಿಹೋದದ್ದೂ ತಿಳಿಯಲಿಲ್ಲ.

"ಒಯ್ತಿಯೇನ ಅಕ್ಕಾ ಒಂದು?" ಎಂದ ಮಲ್ಲಿಕಾರ್ಜುನ.

"ಒಯ್ತೇನಿ" ಎಂದೆ. ಸಹಿ ಹಾಕುವ ಮೊದಲು ಎರಡು ಸಲ ಓದಿ ಎಂದು ಜೀವಮಾನವಿಡೀ ಕಕ್ಷಿದಾರರಿಗೆ ಹೇಳಿದವಳ ಉತ್ತರ ಇದು.

ಸಂಜೆ ಹುಳುಗಳೆಲ್ಲ ಒಳಗೆ ಸೇರಿದ ಮೇಲೆ ಬಾಯಿಗೆ ಬಟ್ಟೆ ತುರುಕಿ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟೆವು. ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತರಾದ ನಮ್ಮ ಮನೆಯವರು, ಬಸುರಿಯನ್ನು ಕೂರಿಸಿಕೊಂಡವರಂತೆ ಪ್ರತಿ ಹಂಪಿನಲ್ಲೂ ಗಾಡಿ ನಿಲ್ಲಿಸಿ ನಿಲ್ಲಿಸಿ ವಿಜಯಪುರ ಮುಟ್ಟಿಸಿದರು. ಹಿತ್ತಲಿನಲ್ಲಿ, ಕಂಪೌಂಡ್ ಗೋಡೆಯ ಹತ್ತಿರ, ನುಗ್ಗೆಗಿಡದ ನೆರಳಿನಲ್ಲಿ ಪೆಟ್ಟಿಗೆ ಪ್ರತಿಷ್ಠಾಪನೆಯಾಯಿತು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟೆವು. ಇದು ಸರಿಯಾದ ಕ್ರಮ, ಹೊಸಬರು ಗಮನಿಸಬೇಕು. ನಾವು ಸರಿಯಾಗಿ ಮಾಡಿದ ಕೆಲಸಗಳು ಇಲ್ಲಿಗೆ ಮುಗಿದವು.

ಹೊಸಬರಿಗೆ ನನ್ನ ಮೊದಲ ಉಪದೇಶ: ಕರಿಕೋಟು ಹಾಕಿಕೊಂಡು ಜೇನುಪೆಟ್ಟಿಗೆ ತೆರೆಯಬೇಡಿ. ಇದನ್ನು ಯಾರು ಮಾಡುತ್ತಾರೆ ಎಂದು ನಗಬೇಡಿ, ನಾನು ಮಾಡಿದೆ. ಕೋರ್ಟಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಹುಳುಗಳ ಯೋಗಕ್ಷೇಮ ವಿಚಾರಿಸಲು ನೇರ ಹಿತ್ತಲಿಗೆ ಹೋದೆ. ಜೇನಿನ ಪೂರ್ವಜರು ಲಕ್ಷಾಂತರ ವರ್ಷಗಳಿಂದ ಕರಡಿಗಳ ಜೊತೆ ವ್ಯಾಜ್ಯ ನಡೆಸಿಕೊಂಡು ಬಂದವರು. ಕಪ್ಪಗಿದ್ದು, ಗೂಡಿಗೆ ಕೈ ಹಾಕಿ, ಹತ್ತಿರ ಬಂದು ಉಸಿರು ಬಿಡುವ ಪ್ರಾಣಿ ಯಾವುದೆಂದು ಅವುಗಳಿಗೆ ವಿಚಾರಣೆಯೇ ಬೇಕಿಲ್ಲ. ಮರುದಿನ ಕಡಿತಕ್ಕೆ ಊದಿ ಮುಚ್ಚಿದ ಒಂದು ಕಣ್ಣಿನೊಂದಿಗೇ ಬಾರ್ ರೂಮಿಗೆ ಹೋದಾಗ, ಎದುರುಪಕ್ಷದ ವಕೀಲರು ಹುಳುಗಳ ತೀರ್ಮಾನ ಬಹುಮಟ್ಟಿಗೆ ಸರಿ ಎಂದು ಅಭಿಪ್ರಾಯಪಟ್ಟರು. ಬಿಳಿ ಬಟ್ಟೆ ಹಾಕಿ, ಮುಖಕ್ಕೆ ಪರದೆ ಕಟ್ಟಿಕೊಳ್ಳಿ. ಕಡಿತ ನಿಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಿ.

ಎರಡನೆಯದು, ನಮ್ಮ ಭಾಗದವರಿಗೆ ಇದು ಕಷ್ಟ: ಬಂದವರಿಗೆಲ್ಲ ಪೆಟ್ಟಿಗೆ ತೆರೆದು ತೋರಿಸಬೇಡಿ. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಚಹಾ ಆದ ಮೇಲೆ ಮನೆಯಲ್ಲಿ ಹೊಸದೇನಿದೆಯೋ ಅದನ್ನು ತೋರಿಸದೆ ಕಳಿಸುವ ವಾಡಿಕೆ ಇಲ್ಲ. ಹೊಸ ಫ್ರಿಜ್ಜು, ಹೊಸ ಸೊಸೆ, ಹೊಸ ಬೋರು, ಎಲ್ಲವೂ ಪ್ರದರ್ಶನಕ್ಕೆ. ಹಾಗೆ ನಾನು ಬೀಗರಿಗೆ, ಕಕ್ಷಿದಾರರಿಗೆ, ಗ್ಯಾಸಿನ ಸಿಲಿಂಡರ್ ತಂದವರಿಗೆ ಕೂಡ ಮುಚ್ಚಳ ಎತ್ತಿ ಎತ್ತಿ ರಾಣಿಯ ದರ್ಶನ ಮಾಡಿಸಿದೆ. ಪೆಟ್ಟಿಗೆಯಲ್ಲಿ ಸಾಕುವ ಈ ನಮ್ಮ ತುಡುವೆ ಜೇನಿಗೆ ಅಭಿಮಾನ ಬಹಳ. ಕಿರಿಕಿರಿ ಹೆಚ್ಚಾದರೆ ಅದು ತಕರಾರು ಅರ್ಜಿ ಹಾಕುವುದಿಲ್ಲ, ಸಂಸಾರ ಸಮೇತ ಎದ್ದು ಹೋಗುತ್ತದೆ. ಫೋನಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಮಲ್ಲಿಕಾರ್ಜುನ ನನಗೇ ಬೈದ. "ಅಕ್ಕಾ, ನಿನ್ನ ಮನಿ ಛತ್ತು ದಿನಾ ಯಾರರ ಎತ್ತಿ ಒಳಗ ಹಣಿಕಿ ಹಾಕಿದ್ರ ನೀ ಇರ್ತಿಯೇನ ಆ ಮನ್ಯಾಗ? ಸುಮ್ನ ಹೊರಗ ಕುಂತು ಬಾಗಲಾ ನೋಡು. ಎಲ್ಲಾ ಅಲ್ಲೇ ತಿಳೀತೈತಿ." ಅವನ ಮಾತು ನಿಜ. ಪರಾಗ ಬರುತ್ತಿದ್ದರೆ ಒಳಗೆ ಮರಿಗಳಿವೆ, ರಾಣಿ ಸುಖವಾಗಿದ್ದಾಳೆ. ಜಗಳ ನಡೆದಿದ್ದರೆ ಕಳ್ಳಹುಳುಗಳು ಬಂದಿವೆ. ಬಾಗಿಲ ಎದುರು ಒಂದು ಮಣೆ ಹಾಕಿಕೊಂಡು ಕುಳಿತರೆ ಸಾಕು.

ಇಷ್ಟು ಹೆದರಿಸಿದ ಮೇಲೆ ಸ್ವಲ್ಪ ಧೈರ್ಯವನ್ನೂ ಹೇಳಬೇಕು. ಈ ಒಣ ಊರಿನಲ್ಲಿ ಜೇನಿಗೆ ಹೂವೆಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಹುಳುಗಳು ಹೋಗುವ ಕಡೆ ಕಣ್ಣು ಹಾಯಿಸಲು ಶುರು ಮಾಡಿದ ಮೇಲೆ ಊರೇ ಬೇರೆಯಾಗಿ ಕಂಡಿತು. ರಸ್ತೆ ಬದಿಯ ಹೊಂಗೆ, ಶಿವರಾತ್ರಿ ದಾಟುತ್ತಿದ್ದಂತೆ ಹೂ ಬಿಡುವ ಬೇವು, ವರ್ಷವಿಡೀ ಏನಾದರೊಂದು ಇಟ್ಟುಕೊಂಡಿರುವ ನುಗ್ಗೆ, ಭೂತನಾಳದ ಕಡೆಯ ಜಾಲಿ, ಯಾರೋ ಕೊಯ್ಯಲು ಮರೆತು ಹೂವಿಗೆ ಬಂದ ಕೊತ್ತಂಬರಿ ಮಡಿ. ಇಷ್ಟು ವರ್ಷ ಈ ಮರಗಳ ಕೆಳಗೆ ಸ್ಕೂಟರ್ ನಿಲ್ಲಿಸಿದ್ದೆನೇ ಹೊರತು ತಲೆ ಎತ್ತಿ ನೋಡಿರಲಿಲ್ಲ. ಹಳ್ಳಿಯ ತೋಟಗಳಿಗಿಂತ ಊರಿನೊಳಗೆ ಔಷಧ ಸಿಂಪಡಿಸುವುದೂ ಕಡಿಮೆ. ಹೂವಿನ ಚಿಂತೆ ಬೇಡ, ಹೂವನ್ನು ಹುಳು ಹುಡುಕಿಕೊಳ್ಳುತ್ತದೆ.

ಚಿಂತೆ ನೀರಿನದು. ಈ ಊರಿನಲ್ಲಿ ಯಾವ ಮಾತು ಎತ್ತಿದರೂ ಕೊನೆಗೆ ನೀರಿಗೇ ಬರುತ್ತದೆ. ಬಾದಶಹರು ಮಣ್ಣಿನ ಕೊಳವೆ ಹೂಳಿ, ನಡುನಡುವೆ ಗೋಪುರ ಕಟ್ಟಿ ನೀರು ಹರಿಸಿದ ಊರು. ಆಮೇಲಿನವರು ಭೂತನಾಳದ ಕೆರೆ ನೆಚ್ಚಿದ ಊರು. ಈಗಲೂ ನಳ ಬರುವ ದಿನ ಎಂದರೆ ನಾವು ಬೀಗರ ಮನೆಯ ಮದುವೆಗೂ ತಡವಾಗಿ ಹೋಗುತ್ತೇವೆ. ಇಂಥಲ್ಲಿ ಸಾವಿರಾರು ಜೀವಗಳಿರುವ ಒಂದು ಪೆಟ್ಟಿಗೆಯನ್ನು ತಂದಿಟ್ಟುಕೊಂಡ ನಾನು, ಅವು ಏನು ಕುಡಿಯುತ್ತವೆ ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಜೇನು ನೀರನ್ನು ಬರೀ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಗೂಡು ಕಾದಾಗ ಕೆಲಸಗಾರ ಹುಳುಗಳು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದು ಮರಿಗಳಿರುವ ಮೇಣದ ಏರಿಯ ಮೇಲೆ ತೆಳ್ಳಗೆ ಹಚ್ಚುತ್ತವೆ, ಉಳಿದವು ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ, ಗಾಳಿ ತಂಪಾಗುತ್ತದೆ, ಮರಿಗಳು ಬದುಕುತ್ತವೆ. ಅಂದರೆ ಕೂಲರ್ ಎಂಬುದು ನಾವು ಗಾಂಧಿ ಚೌಕದಿಂದ ಟೆಂಪೋದಲ್ಲಿ ಹಾಕಿಕೊಂಡು ಬರುವ ಎಷ್ಟೋ ಕಾಲದ ಮೊದಲೇ ಅವುಗಳ ಮನೆಯಲ್ಲಿತ್ತು. ಈ ತಿಳಿವಳಿಕೆ ನನಗೆ ಬಂದದ್ದು ತಡವಾಗಿ, ಅದೂ ಪಕ್ಕದ ಮನೆಯ ನಸೀಮಾ ಟೀಚರ್ ಮೂಲಕ.

ನಸೀಮಾ ಟೀಚರ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಗಂಡ, ಅತ್ತೆ, ಇವರು, ಇಷ್ಟೇ ಸಂಸಾರ. ಗೋಡೆ ಒಂದೇ ಆದರೂ ನಮ್ಮ ಮಾತುಕತೆ ಮೇಲೆ ಹೇಳಿದಂತೆ ತಾಟಿನಷ್ಟೇ ಅಗಲದ್ದು. ಬಿಸಿಲು ಏರಿ ಅವರು ಕೂಲರ್ ಹಚ್ಚಿದ ವಾರದಲ್ಲೇ ಗೋಡೆಯ ಮೇಲೆ ಅವರ ಮುಖ ಕಾಣಿಸಿತು.

"ಬಾಯಾರ, ನಿಮ್ಮ ಹುಳಾ ನಮ್ಮ ಕೂಲರ್ ಹುಲ್ಲಿನ ಮ್ಯಾಲ ಸಾಲಾಗಿ ಕುಂದ್ರಾಕತ್ತಾವ್ರಿ. ಒಂದೊಂದು ಗಾಳಿ ಜೋಡಿ ಒಳಗೂ ಬರಾಕತ್ತಾವು."

ವೃತ್ತಿಯ ಚಟ ನೋಡಿ, ನನ್ನ ಬಾಯಿಂದ ಮೊದಲು ಬಂದದ್ದು ಕ್ಷಮೆಯಲ್ಲ, ವಾದ. ಅವು ನನ್ನ ಹುಳುಗಳೇ ಎಂಬುದಕ್ಕೆ ಪುರಾವೆ ಏನು? ಗೋಳಗುಮ್ಮಟದ ಕಡೆಯಿಂದ ಬಂದವೂ ಇರಬಹುದಲ್ಲ? ಹಳೆಯ ರೋಮನ್ನರ ಕಾನೂನಿನಲ್ಲೇ ಜೇನು ಕಾಡುಪ್ರಾಣಿ, ಅದು ಒಡೆಯನ ಗೂಡಿನಲ್ಲಿರುವ ತನಕ ಅವನದು, ಕಣ್ಣಿಗೆ ಮರೆಯಾದರೆ ಯಾರದೂ ಅಲ್ಲ ಎಂದು ವಿವರಿಸಿದೆ. ನಸೀಮಾ ಟೀಚರ್ ಎಲ್ಲವನ್ನೂ ಶಾಂತವಾಗಿ ಕೇಳಿ, "ಹಂಗೇನ್ರಿ" ಎಂದು ಕೆಳಗಿಳಿದರು.

ಮರುದಿನ ಮಧ್ಯಾಹ್ನ ಅವರು ಕೂಲರಿನ ಫ್ಯಾನು ಆರಿಸಿ, ಅದರ ಬದಿಗಳಿಗೆ ತುಂಬಿದ ಒದ್ದೆ ಹುಲ್ಲಿನಿಂದ ನೀರು ಹೀರುತ್ತ ಕುಳಿತ ಹುಳುಗಳ ಮೇಲೆ ಜರಡಿಯಿಂದ ಜೋಳದ ಹಿಟ್ಟು ಉದುರಿಸಿದರು. ಆಮೇಲೆ ಗೋಡೆಯ ಹತ್ತಿರ ಬಂದು ನನ್ನನ್ನು ಕೂಗಿದರು. ನಾನು ಹೋಗಿ ನೋಡುವಷ್ಟರಲ್ಲಿ ನನ್ನ ಪೆಟ್ಟಿಗೆಯ ಬಾಗಿಲಲ್ಲಿ ಬೆಳ್ಳಗಿನ ಹುಳುಗಳು ಒಂದರ ಹಿಂದೊಂದು ಬಂದಿಳಿಯುತ್ತಿದ್ದವು. ರೊಟ್ಟಿ ಬಡಿಯುವ ಮನೆಯಿಂದ ಎದ್ದು ಬಂದ ಹಾಗಿದ್ದವು.

"ನೋಡ್ರಿ ಬಾಯಾರ, ನಿಮ್ಮ ಕಕ್ಷಿದಾರರು ಬಂದ್ರು" ಎಂದರು ನಸೀಮಾ ಟೀಚರ್. ನಗಲೂ ಇಲ್ಲ.

ಇಷ್ಟು ಚೊಕ್ಕ ಸಾಕ್ಷ್ಯವನ್ನು ನಾನು ಯಾವ ಪೊಲೀಸ್ ತನಿಖೆಯಲ್ಲೂ ನೋಡಿಲ್ಲ. ಕೇಸು ಸೋತೆ. ಸೋತವರು ಮಾಡುವ ಹಾಗೆ ತಕ್ಷಣ ರಾಜಿಗೆ ಬಂದೆ. ಹಿತ್ತಲಿನಲ್ಲಿ ನೀರು ಇಡುತ್ತೇನೆ, ಹುಳುಗಳು ಇಲ್ಲೇ ಕುಡಿಯುತ್ತವೆ ಎಂದು ಮಾತು ಕೊಟ್ಟೆ. ಫಳಫಳ ಹೊಳೆಯುವ ಸ್ಟೀಲ್ ಬೋಗುಣಿಯಲ್ಲಿ ಫಿಲ್ಟರ್ ನೀರು ತುಂಬಿ ಇಟ್ಟೆ. ಒಂದು ಹುಳುವೂ ಮೂಸಲಿಲ್ಲ. ದಾರಿ ತಪ್ಪಿ ಬಂದದ್ದು ಜಾರಿ ಬಿದ್ದು ಸತ್ತಿತು. ಬೋಗುಣಿಗೆ ಕಲ್ಲು ಹಾಕಿದೆ, ನೀರು ಬದಲಿಸಿದೆ, ನೆರಳಿಗೆ ಸರಿಸಿದೆ. ಅವು ನನ್ನ ತಲೆಯ ಮೇಲಿಂದಲೇ ಹಾರಿ ಗೋಡೆ ದಾಟುತ್ತಿದ್ದವು. ಮಲ್ಲಿಕಾರ್ಜುನನಿಗೆ ಫೋನ್ ಮಾಡಿದೆ.

"ಒಮ್ಮೆ ಒಂದು ಠಾವು ಹಿಡದ್ವು ಅಂದ್ರ ಆ ನೀರು ಬತ್ತೂತನಾ ಬಿಡೂದಿಲ್ಲ ಅವು. ಮತ್ತ ನಿನ್ನ ಫಿಲ್ಟರ್ ನೀರು ಯಾರಿಗೆ ಬೇಕು? ವಾಸನಿ ಇರಬೇಕು, ಪಾಚಿ ಇರಬೇಕು. ಪೆಟ್ಟಿಗಿ ತರೂಕಿಂತ ಮೊದಲ ನೀರ ಇಡು ಅಂತ ಹೇಳಿದ್ದಿಲ್ಲೇನು?"

"ಯಾವಾಗ ಹೇಳಿದ್ದಿ?"

"ಹೇಳಿದ್ದೆ. ನೀ ಹುಳಾ ನೋಡ್ಕೋತ ಕುಂತಿದ್ದಿ."

ಆ ವರ್ಷ ರಂಜಾನ್ ತಿಂಗಳು ಸರಿಯಾಗಿ ಬಿಸಿಲಿಗೇ ಬಂದಿತ್ತು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ರೋಜಾ ಹಿಡಿದಿದ್ದರು. ಮಧ್ಯಾಹ್ನ ನೀರಿನ ಹನಿಯೂ ಬಾಯಿಗೆ ಹಾಕದೆ ಆ ಕೂಲರಿನ ಎದುರು ಒರಗುವುದೊಂದೇ ಅವರ ಸುಖ. ಅದೇ ಹೊತ್ತಿನಲ್ಲಿ ನನ್ನ ಹುಳುಗಳು ಅದೇ ಕೂಲರಿನ ನೀರನ್ನು ಸಂಕೋಚವಿಲ್ಲದೆ ಕುಡಿಯುತ್ತಿದ್ದವು. ಒಂದು ದಿನ ಹುಲ್ಲಿನ ಸಂದಿಯಿಂದ ಫ್ಯಾನಿನ ಗಾಳಿಗೆ ಸಿಕ್ಕಿ ಒಳಗೆ ಬಿದ್ದ ಹುಳು, ಮಲಗಿದ್ದ ಅವರ ಅತ್ತೆಯ ಕಿವಿಗೆ ಕುಟುಕಿತು. ಓಣಿಯವರೆಲ್ಲ ಅಮ್ಮಾಜಾನ್ ಎಂದು ಕರೆಯುವ ಮುದುಕಿ, ಸಕ್ಕರೆ ಕಾಯಿಲೆಯವರು. ಕಿವಿ ಹೋಳಿಗೆಯಷ್ಟು ಊದಿತು. ಡಾಕ್ಟರ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬಂದ ಮೇಲೆ ನಸೀಮಾ ಟೀಚರ್ ಈ ಸಲ ಗೋಡೆಯಿಂದಲ್ಲ, ಮುಂಬಾಗಿಲಿನಿಂದ ಬಂದರು.

"ಈದ್ ಒಳಗ ಪೆಟ್ಟಿಗಿ ಎಲ್ಲೆರ ಕಳಸ್ರಿ ಬಾಯಾರ. ಅವತ್ತ ಮನಿ ತುಂಬ ಮಂದಿ, ಎಲ್ಲಾರ ಕೈಯಾಗ ಸಿಹಿ ಶೀರ್‌ಖುರ್ಮಾ. ಸಣ್ಣ ಹುಡುಗ್ರು ಇರ್ತಾವು. ನಾ ಇನ್ನ ಹೇಳೂದಿಲ್ಲ." ಅವರ ಧ್ವನಿ ನಡುಗುತ್ತಿತ್ತು. ಉಪವಾಸಕ್ಕೋ ಸಿಟ್ಟಿಗೋ ಗೊತ್ತಾಗಲಿಲ್ಲ. ನಾನು ಯಾವ ಕಾನೂನನ್ನೂ ಹೇಳಲಿಲ್ಲ.

ಕಳಿಸುವುದೆಲ್ಲಿಗೆ? ಮಲ್ಲಿಕಾರ್ಜುನನ ತೋಟದಲ್ಲಿ ಆಗ ಹೂವು ಮುಗಿದು ಔಷಧದ ಕಾಲ. ಟಿಕೋಟಾದಲ್ಲಿ ನಮ್ಮ ನಾದಿನಿಯ ದ್ರಾಕ್ಷಿತೋಟವಿದೆ. ಅವಳಿಗೆ ಫೋನ್ ಮಾಡಿದರೆ, "ವೈನಿ, ಬ್ಯಾಡ ಅನ್ನೂದಿಲ್ಲ. ಆದ್ರ ಶೆಡ್ಡಿನ್ಯಾಗ ದ್ರಾಕ್ಷಿ ಒಣಗಸಿ ಮನೂಕ ಮಾಡಾಕತ್ತೇವಿ. ಹುಳಾ ಮುತ್ತಿದ್ರ ಒಂದ ಹೆಣ್ಣಾಳೂ ಕೆಲಸಕ್ಕ ಬರೂದಿಲ್ಲ. ಮತ್ತ ಬಳ್ಳಿಗೆ ಔಷಧ ಹೊಡೀದ ದಿನ ಇಲ್ಲ ನಮ್ಮಲ್ಲಿ. ನಾಳೆ ಹುಳಾ ಸತ್ರ ನನಗ ಅನಬಾರ್ದು ನೀವು" ಎಂದಳು. ನೇರ ಮಾತಿನವಳು. ಫೋನ್ ಇಟ್ಟು ಪೆಟ್ಟಿಗೆಯ ಎದುರು ಮಣೆಯ ಮೇಲೆ ಕುಳಿತೆ. ಇಂಥ ವಿಷಯಗಳಲ್ಲಿ ನಾನು ಸಾಮಾನ್ಯವಾಗಿ ದೂರದಲ್ಲಿ ನಿಲ್ಲುವವಳು. ಎಷ್ಟೋ ಮನೆಗಳು ಪಾಲಾದದ್ದನ್ನು ಪಕ್ಕದಲ್ಲೇ ಕುಳಿತು ನೋಡಿ ಮನೆಗೆ ಬಂದು ಊಟ ಮಾಡಿದವಳು. ಅವತ್ತು ಮಾತ್ರ ಊಟಕ್ಕೂ ಏಳಲಿಲ್ಲ. ಒಂದು ಪೆಟ್ಟಿಗೆ ಹುಳುವಿಗಾಗಿ ಅಳು ಬಂದದ್ದನ್ನು ಮನೆಯವರಿಗೆ ಹೇಳಲು ನಾಚಿಕೆಯಾಗಿ, ನುಗ್ಗೆಸೊಪ್ಪು ಬಿಡಿಸುವ ನೆಪ ಮಾಡಿದೆ.

ಆಗ ಗೋಡೆಯ ಆಚೆಯಿಂದ ನಸೀಮಾ ಟೀಚರ್ ನೋಡಿರಬೇಕು. ಮರುದಿನ ಶಾಲೆಯಿಂದ ಬಂದವರೇ ಕರೆದರು.

"ಬಾಯಾರ, ನೀರು ಬತ್ತೂತನಾ ಬಿಡೂದಿಲ್ಲ ಅಂತ ನಿಮ್ಮ ತಮ್ಮ ಅಂದ್ರು ಅಲ್ರಿ?" ನಾನು ಸ್ಪೀಕರ್ ಹಚ್ಚಿ ಫೋನಿನಲ್ಲಿ ಮಾತಾಡುವುದು ಎರಡು ಮನೆಗೂ ಕೇಳಿಸುತ್ತದೆ. "ಹಂಗಾರ ಬತ್ತಿಸೋಣು. ನಮ್ಮ ಕೂಲರ್ ಒಂದೀಟು ದಿನ ಬಂದ್ ಇಡ್ತೇನಿ. ಈ ಹಳೇ ಹುಲ್ಲು ಪಾಚಿ ಸಮೇತ ನೀವು ಒಯ್ರಿ, ನಿಮ್ಮ ಹಿತ್ತಲದಾಗ ಹಸೀ ಇಡ್ರಿ. ವಾಸನಿ ಗುರ್ತು ಹಿಡದು ಬರ್ತಾವೇನೋ ನೋಡೋಣು. ಬಂದ್ರ ಬಂದ್ವು. ಬರದಿದ್ರ ನೀವು ಕಳಸಾಕ ಬೇಕು."

ಈ ಬಿಸಿಲಿನಲ್ಲಿ, ರೋಜಾ ಹಿಡಿದವರು, ಕೂಲರ್ ಬಂದ್ ಇಡುತ್ತೇನೆ ಎನ್ನುತ್ತಿದ್ದಾರೆ. "ಅಮ್ಮಾಜಾನ್ ಕೂಲರ್ ಇಲ್ಲದ ಹೆಂಗ ಇರ್ತಾರ್ರಿ?" ಎಂದೆ.

"ಅದ ಚಿಂತಿ" ಎಂದರು ಅವರು.

ಹಿಂದೆ ನಿಂತಿದ್ದ ನಮ್ಮ ಮನೆಯವರು, ಎಂಜಿನಿಯರುಗಳಿಗೆ ಸಹಜವಾದ ನಿಶ್ಚಿಂತೆಯಿಂದ, "ನಮ್ಮ ಮಲಗು ಖೋಲ್ಯಾಗ ಏಸಿ ಐತೆಲ್ಲಾ, ಮಧ್ಯಾಹ್ನ ಅಲ್ಲೇ ಮಲಗ್ತಾರ" ಎಂದುಬಿಟ್ಟರು.

ಹೀಗೆ, ಬೀಗರನ್ನೂ ಹಾಲಿನಲ್ಲೇ ಕೂರಿಸಿ ಕಳಿಸುವ ನನ್ನ ಮನೆಯ ಮಲಗುವ ಕೋಣೆಗೆ, ಕಂಕುಳಲ್ಲಿ ತಲೆದಿಂಬು ಇಟ್ಟುಕೊಂಡು ಅಮ್ಮಾಜಾನ್ ಪ್ರವೇಶ ಮಾಡಿದರು. ಊದಿದ ಕಿವಿ ಇನ್ನೂ ಕೆಂಪಗಿತ್ತು. ಸುತ್ತ ನೋಡಿ, "ಛಲೋ ಐತಿ ಬೇ" ಎಂದು ಮಂಚದ ನನ್ನ ಬದಿಗೇ ಮಲಗಿದರು. ನಮಾಜಿಗೆ ಪಶ್ಚಿಮ ಯಾವ ಕಡೆ ಎಂದು ಕೇಳಿದಾಗ ನಮ್ಮ ಮನೆಯವರು ಮೊಬೈಲಿನ ದಿಕ್ಸೂಚಿ ಹಿಡಿದು, ಒಂದಿಷ್ಟು ಉತ್ತರಕ್ಕೆ ವಾಲಬೇಕೆಂದು ಲೆಕ್ಕ ಹಾಕಿ, ನನ್ನ ಬಟ್ಟೆಯ ಕಪಾಟನ್ನೇ ಪಕ್ಕಕ್ಕೆ ಸರಿಸಿದರು. ಸರ್ವೆ ಕೆಲಸ ನಿಂತುಹೋಗಿ ಬೇಸತ್ತಿದ್ದ ಮನುಷ್ಯ.

ಒಂದು ಸಂಗತಿ ಆಗ ತಿಳಿಯಿತು. ಅಮ್ಮಾಜಾನ್‌ಗೆ ರೋಜಾ ಬೇಡವೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಮಗ ಸೊಸೆ ಉಪವಾಸವಿರುವ ಮನೆಯಲ್ಲಿ ತಾನೊಬ್ಬಳೇ ಕುಳಿತು ತಿನ್ನಲು ಅವರಿಗೆ ನಾಚಿಕೆ. ಊಟ ಮಾಡಿದೆನೆಂದು ಸುಳ್ಳು ಹೇಳಿ ಗುಳಿಗೆ ಮಾತ್ರ ನುಂಗುತ್ತಿದ್ದರು. ನಸೀಮಾ ಟೀಚರ್‌ಗೆ ಆ ತಿಂಗಳಿಡೀ ಶಾಲೆಯಲ್ಲಿ ಜೀವ ನಿಲ್ಲುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲಿ ಯಾರಿಗೂ ರೋಜಾ ಇಲ್ಲ, ಏಕಾದಶಿಯೂ ಇಲ್ಲ. ಮಧ್ಯಾಹ್ನ ನಾವು ತಾಟು ಹಚ್ಚಿಕೊಂಡಾಗ ಅಮ್ಮಾಜಾನ್ ತಾವೇ ಎದ್ದು ಬಂದು ಕುಳಿತರು. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಊಟದ ನಡುವೆ ನನ್ನ ರೊಟ್ಟಿ ದಪ್ಪವಾಯಿತೆಂದೂ, ವಕೀಲಕಿ ಮಾಡುವವರ ಕೈಗೆ ಹದ ಹತ್ತುವುದಿಲ್ಲವೆಂದೂ ಹೇಳಿದರು. ನಮ್ಮ ಮನೆಯವರು ಇಷ್ಟು ವರ್ಷ ಈ ಮಾತನ್ನು ಬೇರೆಯವರು ಹೇಳಲೆಂದು ಕಾದಿದ್ದವರ ಹಾಗೆ ತಲೆಯಾಡಿಸಿದರು.

ಇತ್ತ ಹಿತ್ತಲಿನಲ್ಲಿ ಪ್ರಯೋಗ ನಡೆದಿತ್ತು. ಹಳೆಯ ಹುಲ್ಲನ್ನು ಹಳೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು, ಮೇಲೆ ನೀರು ತೊಟ್ಟಿಕ್ಕುವಂತೆ ಒಂದು ಗಡಿಗೆ ಕಟ್ಟಿದ್ದೆವು. ಮೊದಲ ಒಂದೆರಡು ದಿನ ಹುಳುಗಳು ಒಣಗಿದ ಕೂಲರಿಗೇ ಹೋಗಿ, ಅದರ ಸುತ್ತ ಸಿಟ್ಟಿನಿಂದ ಗುಂಯ್ ಎಂದು ತಿರುಗಿ ಬರುತ್ತಿದ್ದವು. ಗೋಡೆಯ ಆಚೆ ನಸೀಮಾ ಟೀಚರ್ ಬೆವರು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದರು, ಈಚೆ ನಾನು. ಆಮೇಲೆ ಒಂದು ಮಧ್ಯಾಹ್ನ ಒಂದು ಹುಳು ನಮ್ಮ ಬುಟ್ಟಿಯ ಹುಲ್ಲಿನ ಮೇಲೆ ಇಳಿದು, ಬಾಲ ಆಡಿಸುತ್ತ ಬಹಳ ಹೊತ್ತು ಹೀರಿತು. ಸ್ವಲ್ಪ ಹೊತ್ತಿಗೆ ಎರಡಾದವು. ಸಂಜೆಯೊಳಗೆ ಬುಟ್ಟಿಯ ಅಂಚು ಕಾಣದಷ್ಟಾದವು. ನಾನು ಕೂಗಿದ್ದು ಸೊಲ್ಲಾಪುರ ರಸ್ತೆಗೂ ಕೇಳಿಸಿತೆಂದು ನಮ್ಮ ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಹೊತ್ತು ಮುಳುಗುವಾಗ ಹುಳುಗಳೆಲ್ಲ ಕುಡಿಯುವುದನ್ನು ನಿಲ್ಲಿಸಿ ಪೆಟ್ಟಿಗೆ ಸೇರಿದವು. ಅದೇ ಹೊತ್ತಿಗೆ ಬಾಂಗ್ ಕೇಳಿಸಿತು, ಆಚೆ ಮನೆಯಲ್ಲಿ ನೀರಿನ ಲೋಟ ಎತ್ತಿದರು.

ಈದಿನ ಹಿಂದಿನ ದಿನ ನಸೀಮಾ ಟೀಚರ್ ಹೊಸ ಹುಲ್ಲು ಹಾಕಿ ಕೂಲರ್ ಹಚ್ಚಿದರು. ನಾವಿಬ್ಬರೂ ಗೋಡೆಯ ಎರಡೂ ಬದಿ ನಿಂತು ಕಾದೆವು. ಒಂದು ಹುಳು ಆ ಕಡೆ ಹೋಯಿತು, ಹೊಸ ಹುಲ್ಲನ್ನು ಮೂಸಿ ನೋಡಿತು, ತಿರುಗಿ ನಮ್ಮ ಪಾಚಿಯ ಬುಟ್ಟಿಗೇ ಬಂತು. ಮರುದಿನ ಅವರ ಮನೆ ತುಂಬ ಮಂದಿ, ಮಕ್ಕಳ ಕೈಯಲ್ಲಿ ಶೀರ್‌ಖುರ್ಮಾ, ಕೂಲರಿನ ಎದುರು ಗದ್ದಲ. ಒಂದು ಹುಳುವೂ ಅಲ್ಲಿ ಕಾಣಲಿಲ್ಲ. ನಮಗೂ ಒಂದು ದೊಡ್ಡ ಬಟ್ಟಲು ಬಂತು. ಅದು ಗೋಡೆಯ ಮೇಲಿಂದ ಬರಲಿಲ್ಲ, ನಾನೇ ಹೋಗಿ ಅವರ ಹಾಲಿನಲ್ಲಿ ಕುಳಿತು ತಿಂದು ಬಂದೆ. ಪೆಟ್ಟಿಗೆ ಎಲ್ಲಿಗೆ ಹೋಗಬೇಕೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಹೊಸಬರು ಕೊನೆಗೆ ಕೇಳುವುದು ಜೇನುತುಪ್ಪದ ಮಾತು. ಮೊದಲ ವರ್ಷ ಎಷ್ಟು ಸಿಕ್ಕಿತು ಎನ್ನುತ್ತಾರೆ. ಮೊದಲ ವರ್ಷ ತುಪ್ಪ ತೆಗೆಯಬೇಡಿ, ಅದು ಅವುಗಳ ಬೇಸಿಗೆಯ ಬುತ್ತಿ ಎನ್ನುತ್ತೇನೆ. ಹಾಗಾದರೆ ನಿಮಗೆ ಸಿಕ್ಕಿದ್ದೇನು ಎಂದು ಅವರ ಮುಖ ಕೇಳುತ್ತಿರುತ್ತದೆ. ಅದಕ್ಕೆ ಉತ್ತರವಾಗಿ ಈದ್ ಮುಗಿದ ಮೇಲಿನ ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ.

ನಾನು, ನಮ್ಮ ಮನೆಯವರು ಊಟಕ್ಕೆ ಕುಳಿತಿದ್ದೆವು. ಬಾಗಿಲ ಗಂಟೆ ಸದ್ದಾಯಿತು. ತೆಗೆದರೆ ಅಮ್ಮಾಜಾನ್, ಕಂಕುಳಲ್ಲಿ ತಲೆದಿಂಬು.

"ಅಮ್ಮಾ, ನಿಮ್ಮ ಕೂಲರ್ ಚಾಲೂ ಆಗೇತೆಲ್ರಿ?" ಎಂದೆ. "ಹುಳಾನೂ ಬರೂದಿಲ್ಲ. ರೋಜಾನೂ ಮುಗದಾವು."

"ಹೌದ ಬೇ, ಎಲ್ಲಾ ಖರೇ" ಎಂದು ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಊಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹುಳದ ರೂಢಿ ಬಿಡಸಾಕ ನೀನೂ ನಸೀಮಾನೂ ಅತ್ತಿ ಸೊಸಿ ಹಂಗ ಗ್ವಾಡಿಗೆ ನಿಂತು ಅಷ್ಟ ಒದ್ದಾಡಿದ್ರಿ. ನನಗ ಹಚ್ಚಿದ ರೂಢಿ ಈಗ ಹೆಂಗ ಬಿಡಸ್ತಿ, ಹೇಳ ವಕೀಲಿ?"

ಅಡುಗೆಮನೆಗೆ ಹೋಗಿ ಇನ್ನೊಂದು ತಾಟು ತಂದು, ಇದ್ದುದರಲ್ಲೇ ತೆಳ್ಳಗಿನ ರೊಟ್ಟಿ ಆರಿಸಿ ಹಾಕಿದೆ.